ಬುತ್ತಿ ಕಟ್ಟಿಸಿಕೊಳ್ಳದ ಬೀಜ

ಲೋಕ ಆಗಿನ್ನೂ ಹೊಸದು. ಈಗ ತಾನೇ ಸಾರಿಸಿ ಬಿಟ್ಟ ನೆಲದ ಹಾಗೆ ಒದ್ದೆ ಒದ್ದೆ. ಯಾರು ಕಾಲಿಟ್ಟರೂ ಗುರುತು ಮೂಡುತ್ತಿತ್ತು. ಬೆಟ್ಟಗಳು ಇನ್ನೂ ಸರಿಯಾಗಿ ಕೂತಿರಲಿಲ್ಲ, ಆಚೆ ಈಚೆ ಜರುಗಿ ಜಾಗ ಮಾಡಿಕೊಳ್ಳುತ್ತಿದ್ದವು. ಹೊಳೆಗಳಿಗೆ ದಾರಿ ಗೊತ್ತಿರಲಿಲ್ಲ, ಕಂಡಕಂಡವರನ್ನು ಕೇಳಿಕೊಂಡು ಹರಿಯುತ್ತಿದ್ದವು.

ಅಂಥ ಕಾಲದ ಕತೆ ಇದು, ಮೈನಾ. ನಿನ್ನ ಕೈಯಲ್ಲಿರುವ ಆ ಹಿಡಿ ಮಣ್ಣನ್ನು ಒಂದು ಗಳಿಗೆ ಹಾಗೇ ಹಿಡಿದುಕೊಂಡಿರು. ಬೀಜದ ಮೇಲೆ ಹಾಕಬೇಡ. ಮೆಂತ್ಯ ಬಿತ್ತಿದಾಗ ಮಣ್ಣು ಮುಚ್ಚಿದೆ, ಸರಿ. ಆದರೆ ಈ ಮಿಠಾಯಿ ಡಬ್ಬಿಯೊಳಗೆ ನೀನು ಉದುರಿಸಿರುವುದು ದಪ್ಪೆಲೆ ಗಿಡದ ಬೀಜ. ನಿಮ್ಮ ಅತ್ತೆ ಸಕ್ಯುಲೆಂಟ್ ಅನ್ನುತ್ತಾಳಲ್ಲ, ಅದು. ಕಣ್ಣಿಗೆ ಕಾಣಿಸುತ್ತವಾ? ಇಲ್ಲ. ಧೂಳಿನ ಹಾಗಿವೆ. ಪೊಟ್ಟಣ ಬಿಚ್ಚುವಾಗ ನೀನು ಉಸಿರು ಬಿಟ್ಟಿದ್ದಕ್ಕೇ ಅರ್ಧ ಹಾರಿಹೋದವು. ಯಾಕಜ್ಜ ಇಷ್ಟು ಸಣ್ಣ ಅಂತ ಕೇಳಿದೆಯಲ್ಲ. ಹೇಳುತ್ತೇನೆ, ಕೇಳು.

ಆ ಕಾಲದಲ್ಲಿ ಗಿಡ ಅನ್ನುವುದು ಎಲ್ಲೂ ಇರಲಿಲ್ಲ. ಬೀಜಗಳು ಮಾತ್ರ ಇದ್ದವು. ಎಲ್ಲ ಬೀಜಗಳೂ ಒಂದೇ ಮನೆಯಲ್ಲಿ, ಒಬ್ಬಳೇ ತಾಯಿಯ ಹತ್ತಿರ. ಅವಳ ಹೆಸರು ಬೀಜವ್ವ. ಅವಳ ಮಕ್ಕಳಿಗೆಲ್ಲ ನೆತ್ತಿಯ ಮೇಲೆ ಜುಟ್ಟಿನ ಹಾಗೆ ಒಂದೊಂದು ಪುಟ್ಟ ಎಲೆ. ಆ ಎಲೆ ನೋಡಿಯೇ ಅವ್ವ ಇವನು ಇಂಥವನು, ಇವಳು ಇಂಥವಳು ಅಂತ ಗುರುತು ಹಿಡಿಯುತ್ತಿದ್ದಳು.

ಬೀಜವ್ವನ ಮನೆಯಲ್ಲಿ ಒಂದು ರೂಢಿ. ಬುತ್ತಿ ಇಲ್ಲದೆ ಯಾರೂ ಹೊಸ್ತಿಲು ದಾಟಬಾರದು. ಮಗನಾಗಲಿ ಮಗಳಾಗಲಿ, ಹೋಗುವ ಊರು ಹತ್ತಿರವಾಗಲಿ ದೂರವಾಗಲಿ, ಹೊರಡುವ ದಿನ ಅವ್ವ ಒಲೆ ಮುಂದೆ ಕೂರುತ್ತಿದ್ದಳು. ಹುರಿಯುತ್ತಿದ್ದಳು, ಕುಟ್ಟುತ್ತಿದ್ದಳು, ಬೆಲ್ಲ ಬೆರೆಸುತ್ತಿದ್ದಳು, ಬಟ್ಟೆಯಲ್ಲಿ ಗಂಟು ಕಟ್ಟುತ್ತಿದ್ದಳು. ಗಂಟನ್ನು ಮಗುವಿನ ಹೊಟ್ಟೆಗೆ ಬಿಗಿದು, ತಲೆ ಮೇಲೆ ಕೈಯಿಟ್ಟು, "ಹೋಗ್ಬಾ" ಅನ್ನುತ್ತಿದ್ದಳು. ಆಮೇಲೇ ದಾರಿ.

ಯಾಕೆ ಅಂದರೆ, ಹೊಸ ಊರಿಗೆ ಹೋದ ಕೂಡಲೇ ಯಾರು ಕರೆದು ಅನ್ನ ಇಡುತ್ತಾರೆ? ಬೇರು ಬಿಡುವ ತನಕ, ಎಲೆ ಬಿಚ್ಚುವ ತನಕ ತಿನ್ನುವುದಕ್ಕೆ ಏನಾದರೂ ಬೇಕಲ್ಲ.

ಮೊದಲು ಹೊರಟವನು ತೆಂಗು. "ಅವ್ವಾ, ನಾನು ಸಮುದ್ರದ ಮೇಲೆ ಹೋಗೋನು. ಅಲ್ಲಿ ನೀರೆಲ್ಲ ಉಪ್ಪಂತೆ" ಅಂದ.

"ಹಂಗಾರೆ ಕುಡಿಯೋಕೂ ತಗಂಡು ಹೋಗು ಮಗಾ" ಅಂತ ಅವ್ವ ಬುತ್ತಿಯ ಜೊತೆ ಸಿಹಿನೀರನ್ನೂ ತುಂಬಿ, ಮೇಲೆ ನಾರಿನ ಚೀಲ ಹೊಲಿದುಕೊಟ್ಟಳು.

ತೆಂಗಿನ ಹೊಟ್ಟೆ ನೋಡಿ ಎಲ್ಲರೂ ನಕ್ಕರು. "ಏನಣ್ಣ, ಊರಿಗೆ ಹೊಂಟಿದೀಯೋ, ಊರೇ ಹೊತ್ಕಂಡು ಹೊಂಟಿದೀಯೋ?" ಅಂತ ರಾಗಿ ಕಿಚಾಯಿಸಿದಳು.

ಅವರೆಗೆ ಅವ್ವ ಎರಡು ಪಾಲು ಕಟ್ಟಿದಳು. ಬೆಳಿಗ್ಗೆಗೊಂದು, ಸಂಜೆಗೊಂದು. ಅದಕ್ಕೇ ಅವರೆಕಾಳನ್ನು ಹಿಚುಕಿದರೆ ಇವತ್ತಿಗೂ ಎರಡು ಹೋಳಾಗುತ್ತದೆ. ಹಲಸು ಇನ್ನೂ ಬೇಕು ಇನ್ನೂ ಬೇಕು ಅಂತ ಕೂತುಬಿಟ್ಟ, ಅವನಿಗೆ ದಪ್ಪ ಗಂಟು. ರಾಗಿ ಮಾತ್ರ, "ನಾನಿಲ್ಲೇ ಪಕ್ಕದ ಹೊಲಕ್ಕೆ ಹೋಗೋಳು ಕಣವ್ವ, ಒಂದು ಚಿಟಿಕೆ ಸಾಕು" ಅಂದಳು. ಅವ್ವ ಒಂದು ಚಿಟಿಕೆಯನ್ನೇ ಒಪ್ಪವಾಗಿ ಗಂಟು ಕಟ್ಟಿಕೊಟ್ಟಳು.

ದೊಡ್ಡವರು ಮೊದಲು, ಚಿಕ್ಕವರು ಆಮೇಲೆ. ಎಲ್ಲರಿಗಿಂತ ಚಿಕ್ಕವನು ತೆಳ್ಳ. ಅವನ ನೆತ್ತಿಯ ಎಲೆ ವೀಳ್ಯದೆಲೆಗಿಂತ ತೆಳು, ಈರುಳ್ಳಿ ಸಿಪ್ಪೆಗಿಂತ ತೆಳು. ಬಿಸಿಲಿಗೆ ಹಿಡಿದರೆ ಆಚೆಯ ಬೆಟ್ಟ ಕಾಣುತ್ತಿತ್ತು. ಅದಕ್ಕೇ ಅವನಿಗೆ ಆ ಹೆಸರು.

ತೆಳ್ಳನಿಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಹೊಸ್ತಿಲ ಮೇಲೆ ಒಂದು ಕಾಲು, ಹೊರಗೆ ಒಂದು ಕಾಲು. ಅವನಿಗೆ ಹಾಗೆ ಹುಚ್ಚು ಹಿಡಿಸಿದವನು ಗಾಳಿಮಾವ.

ಗಾಳಿಮಾವ ಬೀಜವ್ವನ ಅಣ್ಣ. ಅವನಿಗೆ ಮನೆಯಿಲ್ಲ ಮಠವಿಲ್ಲ. ಬಂದರೆ ಬಾಗಿಲು ದಡಾರನೆ ತೆಗೆದುಕೊಂಡೇ ಬರುತ್ತಿದ್ದ. ಬಂದು ತೆಳ್ಳನ ಪಕ್ಕ ಕೂತು, "ಅಳಿಯಾ, ಆ ಕಡೆ ಒಂದು ಕೆಂಪು ಗುಡ್ಡ ಐತೆ. ಬರೀ ಬಂಡೆ. ನಾನು ಅದರ ಸಂದಿಯೊಳಗೆ ನುಗ್ಗಿದರೆ ಬಂಡೆ ಹಾಡ್ತದೆ" ಅನ್ನುತ್ತಿದ್ದ. "ನಿಜವಾ ಮಾವ?" "ನಿಜಾನೋ. ಮರಳಿನ ಹೊಳೆ ಐತೆ, ನೀರೇ ಇಲ್ಲ, ಆದ್ರೂ ಹರೀತದೆ." ತೆಳ್ಳ ರಾತ್ರಿಯೆಲ್ಲ ಕಣ್ಣು ಮುಚ್ಚುತ್ತಿರಲಿಲ್ಲ.

ಕೊನೆಗೆ ಒಂದು ಬೆಳಿಗ್ಗೆ ಮನೆ ಬಹುಪಾಲು ಖಾಲಿಯಾಯಿತು. ಅವರೆಯೂ ಹೊರಟುಹೋಗಿದ್ದ. ತೆಳ್ಳನ ಸರದಿ ಬಂತು. ಅವ್ವ ಒಲೆ ಹಚ್ಚಿ, ಕಡಲೆ ಹುರಿಯುವುದಕ್ಕೆ ಕೂತಳು. ಅವ್ವನ ಕೈ ನಿಧಾನ. ಒಂದು ಕಾಳೂ ಸೀಯಬಾರದು, ಒಂದು ಕಾಳೂ ಹಸಿ ಉಳಿಯಬಾರದು. ಅದೂ ಕೊನೆಯ ಮಗನ ಬುತ್ತಿ.

ಆಗಲೇ ಗಾಳಿಮಾವ ಬಂದ. ಕೂರಲಿಲ್ಲ. "ಅಳಿಯಾ, ನಾನು ಕೆಂಪು ಗುಡ್ಡಕ್ಕೆ ಹೊಂಟೆ. ಬತ್ತೀಯೇನೋ?"

"ಬತ್ತೀನಿ ಮಾವ! ಅವ್ವಾ, ಆಯ್ತಾ?"

"ಇನ್ನೊಂದು ಗಳಿಗೆ ಮಗಾ. ಹುರೀತಾ ಇದೀನಿ."

ತೆಳ್ಳ ಹೊಸ್ತಿಲ ಮೇಲೆ ಕುಣಿದ. "ಮಾವ, ಒಂದು ಗಳಿಗೆ ನಿಲ್ತೀಯಾ?"

"ನಿಲ್ಲೋದು ನನ್ನ ಹುಟ್ಟಲ್ಲೇ ಇಲ್ಲ ಕಣೋ. ನಿಂತರೆ ನಾನು ಗಾಳೀನೇ ಅಲ್ಲ."

"ಅವ್ವಾ, ಆಯ್ತಾ?"

"ಆಯ್ತು ಕಣೋ, ಬೆಲ್ಲ ಕುಟ್ಟಬೇಕು. ಇನ್ನೊಂದೇ ಗಳಿಗೆ." ಒಳಗಿನಿಂದ ಹುರಿದ ಕಡಲೆಯ ವಾಸನೆ ಬರುತ್ತಿತ್ತು. "ಅಣ್ಣಾ, ಅವಸರ ಮಾಡಬ್ಯಾಡ, ನೀನೇ ವಸಿ ಕಾಯಿ. ಕೂಸು ಬರೀ ಹೊಟ್ಟೇಲಿ ಹೋಗಬಾರ್ದು" ಅಂತ ಅವ್ವ ಕೂಗಿ ಹೇಳಿದಳು.

ಗಾಳಿಮಾವ ಆಗಲೇ ಅಂಗಳದ ಆಚೆ ಇದ್ದ. "ಗಂಟು ಕಟ್ಕಂಡೋರು ನನ್ನ ಹೆಗಲ ಮೇಲೆ ಕೂರೋಕಾಗಲ್ಲ ಬಿಡಮ್ಮ, ಭಾರ!" ಅಂತ ನಗುತ್ತಾ ಹೊರಟೇಬಿಟ್ಟ.

ತೆಳ್ಳ ಒಳಗೆ ನೋಡಿದ. ಹೊರಗೆ ನೋಡಿದ. ಆಮೇಲೆ ಹಾರಿದ. ಹಾರಿ ಗಾಳಿಮಾವನ ಹೆಗಲು ಹಿಡಿದುಕೊಂಡ.

ಅವರು ಮನೆ ಮುಂದಿನ ದಿಣ್ಣೆ ದಾಟುವಾಗ ಹಿಂದಿನಿಂದ ದನಿ ಬಂತು. "ತೆಳ್ಳಾ! ಬುತ್ತಿ ಆಯ್ತು ಕಣೋ! ತೆಳ್ಳಾ!"

ತೆಳ್ಳನಿಗೆ ಕೇಳಿಸಿತು ಮೈನಾ. ಚೆನ್ನಾಗಿ ಕೇಳಿಸಿತು. ಆದರೆ ಅವನು ತಿರುಗಲಿಲ್ಲ. ತಿರುಗಿದರೆ ಇಳಿದುಬಿಡುತ್ತೇನೆ ಅಂತ ಅವನಿಗೆ ಗೊತ್ತಿತ್ತು. ಇಳಿದರೆ ಮಾವ ಮತ್ತೆ ಯಾವತ್ತು ಬರುತ್ತಾನೋ! ಹಾಗಾಗಿ ಕತ್ತನ್ನು ಬಿಗಿ ಮಾಡಿಕೊಂಡು ಮುಂದೆಯೇ ನೋಡಿದ. ಅವ್ವನ ದನಿ ಸಣ್ಣದಾಯಿತು. ಇನ್ನೂ ಸಣ್ಣದಾಯಿತು. ಆಮೇಲೆ ಇಲ್ಲವಾಯಿತು.

ಮೊದಮೊದಲು ಎಷ್ಟು ಚೆನ್ನ! ಹೊಟ್ಟೆಯಲ್ಲಿ ಗಂಟಿಲ್ಲ, ಮೈಯಲ್ಲಿ ಭಾರವಿಲ್ಲ. ಧೂಳಿನ ಹಾಗೆ ತೇಲಿದ. ಕೆಂಪು ಗುಡ್ಡ ಕಂಡ. ಬಂಡೆ ಹಾಡಿದ್ದು ಕೇಳಿದ. ಮರಳಿನ ಹೊಳೆ ಹರಿದದ್ದು ಕಂಡ. ಮಾವ ಹೇಳಿದ್ದು ಒಂದೂ ಸುಳ್ಳಲ್ಲ.

ಆದರೆ ಗುಡ್ಡದ ನೆತ್ತಿಯಲ್ಲಿ ಅವನನ್ನು ಇಳಿಸಿ ಗಾಳಿಮಾವ, "ಸರಿ ಅಳಿಯಾ, ನಾನು ಹೊಂಟೆ" ಅಂದ.

"ಮಾವ, ಹಸಿವು."

"ಹಸಿವು ಅಂದ್ರೇನೋ?" ಅಂತ ಕೇಳಿದ ಗಾಳಿಮಾವ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅವನು ಯಾವತ್ತೂ ಉಂಡವನಲ್ಲ. ಹಾಗೇ ಹೊರಟುಹೋದ.

ತೆಳ್ಳ ಸುತ್ತ ನೋಡಿದ. ಬಂಡೆಯ ಬುಡದಲ್ಲಿ ಅವರೆಯಣ್ಣ ಕೂತಿದ್ದ. ಅವನೂ ಹೇಗೋ ಅಲ್ಲಿಗೇ ಬಂದಿದ್ದ. ಬುತ್ತಿಯ ಗಂಟು ಬಿಚ್ಚಿಕೊಂಡು, ಮೊದಲ ಪಾಲು ತಿಂದು, ಎರಡನೆಯದಕ್ಕೆ ಕೈ ಹಾಕುತ್ತಿದ್ದ. ಆಗಲೇ ಅವನಿಗೆ ಒಂದು ಬೇರು ಬಂದಿತ್ತು.

"ಅರೆ, ತೆಳ್ಳ! ಬಾರೋ, ಕೂತ್ಕ. ನಿಂಗೆ ಅವ್ವ ಏನು ಕಟ್ಟಿದ್ಲು?"

ತೆಳ್ಳನ ಬಾಯಲ್ಲಿ ನೀರೂರಿತು. ಕೇಳಿದ್ದರೆ ಅವರೆ ಅರ್ಧ ಮುರಿದು ಕೊಡುತ್ತಿದ್ದ. ಆದರೆ ಕೇಳುವುದು ಹೇಗೆ? ಬುತ್ತಿ ಬಿಟ್ಟು ಓಡಿಬಂದೆ ಅನ್ನುವುದು ಹೇಗೆ?

"ನಂದಾ? ನಾನು ದಾರೀಲೇ ತಿಂದ್ಬಿಟ್ಟೆ ಕಣಣ್ಣ. ಹೊಟ್ಟೆ ಬಿರೀತೈತೆ."

"ಭಾಳ ಹಸಿದಿದ್ದೆ ಅನ್ನು" ಅಂತ ನಕ್ಕು ಅವರೆ ಮಣ್ಣು ಹೊದ್ದು ಮಲಗಿದ. ಬೆಳಗಾಗುವಷ್ಟರಲ್ಲಿ ಮಣ್ಣು ಎತ್ತಿಕೊಂಡು ಎದ್ದುನಿಂತ. ಎರಡು ಎಲೆ ಬಿಚ್ಚಿ ಮೈ ಮುರಿದ.

ಅವರೆಯನ್ನು ನೋಡಿ ತೆಳ್ಳನೂ ಮಣ್ಣು ಹೊದ್ದು ಮಲಗಿದ. ಬೆಳಿಗ್ಗೆ ಏಳಲು ನೋಡಿದ. ಆಗಲಿಲ್ಲ. ಮಣ್ಣು ಭಾರ. ಒಂದೊಂದು ಮಣ್ಣಿನ ಕಾಳೂ ಒಂದೊಂದು ಬಂಡೆ. ಹೊಟ್ಟೆಯಲ್ಲಿ ಏನಾದರೂ ಇದ್ದರೆ ತಾನೇ ನೂಕುವುದಕ್ಕೆ ಶಕ್ತಿ? "ಅವ್ವಾ" ಅಂದ. ಮಣ್ಣಿನೊಳಗೆ ಆ ದನಿ ಅವನಿಗೇ ಸರಿಯಾಗಿ ಕೇಳಿಸಲಿಲ್ಲ.

ಅಲ್ಲೇ ಮುಗಿದುಹೋಗುತ್ತಿದ್ದ. ಆದರೆ ಆ ಗುಡ್ಡದಲ್ಲಿ ಒಬ್ಬಳು ಇರುವೆಯಕ್ಕ ಇದ್ದಳು. ಗೂಡಿಗೆ ದಾರಿ ತೋಡುತ್ತಾ ಬಂದವಳು ಇವನನ್ನು ಕಂಡು ಕಚ್ಚಿ ಎಳೆದು ಮೇಲೆ ತಂದು ಬಿಸಾಡಿದಳು.

"ಯಾರೋ ನೀನು? ಬೀಜವೋ ಕಸವೋ?"

"ಬೀಜ ಅಕ್ಕ."

"ಬುತ್ತಿ ಎಲ್ಲಿ?"

ತೆಳ್ಳ ಬರಿಹೊಟ್ಟೆಯನ್ನು ಮುಚ್ಚಿಕೊಂಡ. ಇರುವೆಯಕ್ಕನಿಗೆ ಅರ್ಥವಾಯಿತು. ಓಡಿಬಂದವರನ್ನು ಅವಳೂ ನೋಡಿದ್ದಳು.

"ಬುತ್ತಿ ಇಲ್ದೋನು ಮಣ್ಣೊಳಗೆ ಮಲಗಬಾರ್ದು ಕಣೋ ಪೆದ್ದ. ಮೇಲೇ ಬಿದ್ಕ. ಬಿಸಿಲು ಕೊಟ್ಟಷ್ಟು ತಿನ್ನು, ಇಬ್ಬನಿ ಕೊಟ್ಟಷ್ಟು ಕುಡಿ. ಇವತ್ತಿಂದು ಇವತ್ತು. ಅವಸರ ಮಾಡಿದ್ಯೋ, ಸತ್ತೆ."

ಅವಸರ ಮಾಡಿ ಮನೆ ಬಿಟ್ಟವನು ಅವಸರ ಬಿಡುವುದನ್ನು ಅಲ್ಲಿ ಕಲಿತ. ಮಣ್ಣಿನ ಮೇಲೇ ಬಿದ್ದುಕೊಂಡ. ಬಿಸಿಲು ಒಂದು ತುತ್ತು ಕೊಟ್ಟರೆ ಒಂದು ತುತ್ತಿನಷ್ಟೇ ಬೆಳೆದ. ಅವರೆ ಹೂಬಿಟ್ಟು, ಕಾಯಿ ಬಿಟ್ಟು, ಒಣಗಿ, ಅವನ ಮಕ್ಕಳು ಗಂಟು ಕಟ್ಟಿಕೊಂಡು ಹೊರಟರೂ ತೆಳ್ಳ ಇನ್ನೂ ಸಾಸಿವೆಯ ಗಾತ್ರ. ಗುಡ್ಡದ ಹುಲ್ಲೆಲ್ಲ ಅವನನ್ನು ನೋಡಿ, "ಏನಪ್ಪ, ಬೆಳೀತಿದ್ಯೋ, ನೆನಪು ಮಾಡ್ಕಂತಾ ಕೂತಿದ್ಯೋ?" ಅಂತ ನಗುತ್ತಿತ್ತು.

ಅವನು ಎರಡನ್ನೂ ಮಾಡುತ್ತಿದ್ದ.

ಮಳೆ ಆ ಗುಡ್ಡಕ್ಕೆ ಬರುತ್ತಿದ್ದುದೇ ಅಪರೂಪ. ಬಂದಾಗ ಹುಲ್ಲು ಗಟಗಟ ಕುಡಿದು, ಕುಣಿದು, ನಾಲ್ಕು ಬಿಸಿಲಿಗೆ ಒಣಗಿಹೋಗುತ್ತಿತ್ತು. ತೆಳ್ಳ ಒಂದು ಗುಟುಕು ಕುಡಿದು, ಒಂದು ಗುಟುಕನ್ನು ಎಲೆಯೊಳಗೆ ಕಟ್ಟಿಟ್ಟುಕೊಳ್ಳುತ್ತಿದ್ದ. ನಾಳೆಗೆ ಇರಲಿ. ಹೊಸ ಎಲೆ ಬಂದರೆ ಅದರೊಳಗೂ ಒಂದು ಗುಟುಕು. ನಾಳಿದ್ದಿಗೆ ಇರಲಿ. ಒಮ್ಮೆ ಹಸಿದವನು ಹಾಗೆಯೇ. ಯಾರೂ ಕಟ್ಟಿಕೊಡದ ಬುತ್ತಿಯನ್ನು ತಾನೇ ಕಟ್ಟಿಕೊಂಡ, ಎಲೆಗೊಂದು ಬುತ್ತಿ. ಈರುಳ್ಳಿ ಸಿಪ್ಪೆಗಿಂತ ತೆಳ್ಳಗಿದ್ದವನ ಎಲೆಗಳು ಉಬ್ಬಿದವು, ದುಂಡಗಾದವು.

"ಲೋ ತೆಳ್ಳ, ಕೆನ್ನೆಯೊಳಗೆ ಬೆಲ್ಲದುಂಡೆ ಇಟ್ಕಂಡಂಗೆ ಕಾಣ್ತೀಯ" ಅಂದಳು ಇರುವೆಯಕ್ಕ. "ಹೆತ್ತೋಳು ಬಂದ್ರೂ ಗುರುತು ಸಿಕ್ಕಲ್ಲ."

ತಮಾಷೆಗೆ ಅಂದಿದ್ದಳು ಪಾಪ.

ಗುಡ್ಡದ ಕೆಳಗೆ ಒಂದು ಹಳ್ಳ ಇತ್ತು. ಒಂದು ದಿನ ಅದು ಅವಸರವಾಗಿ ಬಂದು, "ಇಲ್ಲಿ ತೆಳ್ಳ ಅಂದ್ರೆ ಯಾರ್ರೀ?" ಅಂತ ಕೂಗಿತು.

"ನಾನೇ. ಯಾಕೆ?"

"ನೀನಾ? ಏನೋ, ದಪ್ಪಗಿದೀಯ. ಒಬ್ಬ ಹೆಂಗಸು ನನ್ನನ್ನ ದಾಟಿದ್ಲು. ಕುತ್ತಿಗೆ ಮಟ ನೀರಿತ್ತು, ಗಂಟು ನೆನೀಬಾರ್ದು ಅಂತ ತಲೆ ಮೇಲೆ ಎರಡೂ ಕೈಯಲ್ಲಿ ಹಿಡ್ಕಂಡಿದ್ಲು. ತೆಳ್ಳನ್ನ ನೋಡಿದ್ಯಾ, ತೆಳ್ಳನ್ನ ನೋಡಿದ್ಯಾ ಅಂತ ಕೇಳಿದ್ಲು. ನೀನು ಮನೆ ಬಿಟ್ಟ ದಿನವೇ ಅವಳೂ ಹಿಂದೆ ಹೊರಟಳಂತೆ. ಬಾಗಿಲು ಕೂಡ ಹಾಕಿಲ್ಲವಂತೆ."

ತೆಳ್ಳ ದಾರಿಯ ಕಡೆ ನೋಡಿದ. ಅವ್ವ ಬರುತ್ತಾಳೆ! ಆದರೆ ಬಂದ ಕೂಡಲೇ ಅವಳು ಏನು ಕೇಳುತ್ತಾಳೆ? ಯಾಕೆ ಓಡಿಹೋದೆ ಅಂತ ಕೇಳುವುದಿಲ್ಲ. ಉಂಡ್ಯಾ ಮಗಾ ಅಂತ ಕೇಳುತ್ತಾಳೆ. ಅದಕ್ಕೆ ಏನು ಹೇಳುವುದು? ಬರಿಗೈಯಲ್ಲಿ ಬಂದವನು ಬರಿಗೈಯಲ್ಲೇ ಎದುರು ನಿಲ್ಲುವುದು ಹೇಗೆ?

ಆಗ ಅವನಿಗೆ ಹೊಳೆಯಿತು. ಒಂದು ಹೂವು ಬಿಡಬೇಕು. ಅವ್ವ ಬಂದಾಗ, "ಇಗೋ ಅವ್ವಾ" ಅಂತ ಮುಡಿಯಲು ಒಂದು ಹೂವು ಕೊಡಬೇಕು. ಕೊಟ್ಟರೆ ಅವಳು ನಗುತ್ತಾಳೆ. ನಕ್ಕರೆ ಉಳಿದದ್ದನ್ನು ಹೇಳಬಹುದು.

ಇದ್ದಬದ್ದ ಬುತ್ತಿಯನ್ನೆಲ್ಲ ಖರ್ಚು ಮಾಡಿ ಒಂದು ಮೊಗ್ಗು ಹಿಡಿದ. ಆದರೆ ಅವನದು ನಿಧಾನದ ಮೈಯಾಗಿಹೋಗಿತ್ತಲ್ಲ. ಮೊಗ್ಗೂ ನಿಧಾನ.

ಅವ್ವ ಬಂದದ್ದು ಒಂದು ನೆತ್ತಿ ಸುಡುವ ಮಧ್ಯಾಹ್ನ.

ಕಾಲು ಸವೆದಿತ್ತು. ಬೆನ್ನು ಬಾಗಿತ್ತು. ಒಂದು ಕೈಯಲ್ಲಿ ತಂಬಿಗೆ, ಇನ್ನೊಂದು ಕೈಯಲ್ಲಿ ಗಂಟು. ಬಂದು ತೆಳ್ಳನ ಎದುರಿಗೇ ಬಂಡೆಯ ಮೇಲೆ ಕೂತಳು. ಗಂಟನ್ನು ಪಕ್ಕದಲ್ಲಿಟ್ಟಳು. ಇಲ್ಲಿ ನೀನು ಕೂತಿದ್ದೀಯ, ಅಲ್ಲಿ ಕಿಟಕಿ ಇದೆ, ಅಷ್ಟು ಹತ್ತಿರ. ಹುರಿದ ಕಡಲೆ, ಬೆಲ್ಲ. ಆ ವಾಸನೆ ಇನ್ನೂ ಹೋಗಿರಲಿಲ್ಲ.

"ಇರುವೆಯಕ್ಕ, ಇಲ್ಲಿ ನನ್ನ ಮಗ ಬಂದನಾ? ತೆಳ್ಳ ಅಂತ. ಎಲೆ ಭಾಳ ತೆಳ್ಳಗೆ. ಬಿಸಿಲಿಗೆ ಹಿಡಿದರೆ ಆಚೆ ಬೆಟ್ಟ ಕಾಣ್ತದೆ."

ಇರುವೆಯಕ್ಕ ತೆಳ್ಳನ ಕಡೆ ನೋಡಿದಳು. ತೆಳ್ಳ ಬೇಡ ಅಂತ ಕಣ್ಣಲ್ಲೇ ಹೇಳಿದ. ಇನ್ನೊಂದು ಗಳಿಗೆ. ಮೊಗ್ಗಿನ ತುದಿ ಆಗಲೇ ಕೆಂಪಾಗಿತ್ತು. ಇನ್ನೊಂದೇ ಗಳಿಗೆ.

"ಹೇಳೋ" ಅಂತ ಇರುವೆಯಕ್ಕ ಅವನ ಬುಡಕ್ಕೆ ಬಂದು ಪಿಸುಗುಟ್ಟಿದಳು. "ಎದುರಿಗೇ ಕೂತವಳೆ, ಹೇಳೋ!"

"ಹೇಳ್ತೀನಿ ಅಕ್ಕ. ಹೂವು ಬಿಡಲಿ."

"ಹೂವು ಯಾಕೋ ಬೇಕು ಅವಳಿಗೆ?" ಅಂತ ಇರುವೆಯಕ್ಕ ಚುರುಕ್ ಅಂತ ಕಚ್ಚಿದಳು. ಆದರೂ ತೆಳ್ಳ ಬಾಯಿ ಬಿಡಲಿಲ್ಲ.

"ಯಾಕಜ್ಜ ಹೇಳ್ಲಿಲ್ಲ? ನಾನಾಗಿದ್ರೆ ಓಡಿಹೋಗಿ ತಬ್ಕೊಂತಿದ್ದೆ" ಅನ್ನುತ್ತೀಯಾ ಮೈನಾ? ನೀನಾಗಿದ್ದರೆ ಹಾಗೇ ಮಾಡುತ್ತಿದ್ದೆ. ಅದು ಒಳ್ಳೆಯದು. ಹಾಗೇ ಇರು. ಕೆಲವರಿಗೆ ಎದುರಿಗಿರುವ ಗಳಿಗೆ ಕಾಣುವುದಿಲ್ಲ ತಾಯಿ. ಮುಂದಿನ ಗಳಿಗೆಯೇ ಕಾಣುತ್ತದೆ.

ಅವ್ವ ಸುತ್ತ ನೋಡಿದಳು. ಎದುರಿಗೆ ಒಂದು ದಪ್ಪೆಲೆಯ ಗಿಡ, ಬಿಸಿಲಿಗೆ ಕಂದಿ ಕೂತಿತ್ತು. ಅವಳಿಗೆ ಅಯ್ಯೋ ಅನ್ನಿಸಿತು. "ಯಾರ ಮನೆ ಕೂಸೋ ಏನೋ" ಅಂದಳು. ಗಂಟಿಗೆ ಕೈ ಹಾಕಿದಳು. ಹಾಕಿದ ಕೈಯನ್ನು ಹಿಂದಕ್ಕೆ ತೆಗೆದಳು. "ಇದನ್ನು ಬಿಚ್ಚೋಂಗಿಲ್ಲ ಕಣಪ್ಪ. ಇದು ನನ್ನ ಕಿರಿಮಗಂದು. ಅವನು ಬರೀ ಹೊಟ್ಟೇಲಿ ಹೋದ."

ಆಮೇಲೆ ತಂಬಿಗೆಯಿಂದ ಒಂದು ಬೊಗಸೆ ನೀರು ಬಗ್ಗಿಸಿಕೊಂಡು ಅವನ ಬುಡಕ್ಕೆ ಬಿಟ್ಟಳು. ಸೆರಗು ಎತ್ತಿ ಅವನ ಮೇಲೆ ನೆರಳು ಹಿಡಿದಳು. ಸೆರಗಿನ ಕೆಳಗೆ ತಂಪಾಯಿತು. ಅವಳ ಹಣೆಯ ಬೆವರು ಸೆರಗಿಗೆ ಇಳಿದು, ಅದರ ಒಳಮೈಯಿಂದ ಹನಿ ಹನಿಯಾಗಿ ಅವನ ಮೇಲೆ ಬಿತ್ತು.

"ನನ್ನ ಮಗನಿಗೂ ಎಲ್ಲೋ ಯಾರೋ ಹಿಂಗೇ ಹಿಡೀಲಿ" ಅಂದಳು.

ತೆಳ್ಳ ತಲೆ ಎತ್ತಿದ. ಈಗ ಹೇಳಬೇಕು ಅಂದುಕೊಂಡ. ಬಾಯಿ ತೆರೆದರೆ ದನಿ ಬರಲಿಲ್ಲ, ಬರೀ ಅಳು ಬಂತು. ಅಳುವ ಮುಖ ತೋರಿಸುವುದು ಹೇಗೆ ಅಂತ ತಲೆ ತಗ್ಗಿಸಿದ.

ಅವ್ವ ಎದ್ದಳು. ಸೆರಗು ಹೊದ್ದಳು. ತಂಬಿಗೆ ಹಿಡಿದಳು, ಗಂಟು ಹಿಡಿದಳು. "ಬತ್ತೀನಿ ಇರುವೆಯಕ್ಕ. ಆ ಕಡೆ ಗುಡ್ಡವೂ ಒಂದು ನೋಡ್ಬಿಡ್ತೀನಿ."

"ಇನ್ನೊಂದು ಗಳಿಗೆ ಕೂತ್ಕೊಳ್ಳವ್ವ" ಅಂದಳು ಇರುವೆಯಕ್ಕ. ಅವಳಿಗೆ ಅಳು ಬರುವ ಹಾಗಿತ್ತು.

"ಕೂತರೆ ಆಗಲ್ಲ ಕಣೇ. ಅವನು ಹಸ್ಕಂಡಿರ್ತಾನೆ."

ಹೊರಟಳು. ಬಂಡೆ ದಾಟಿದಳು. ಇಳಿಜಾರು ಇಳಿದಳು.

ಆಗ ಮೊಗ್ಗು ಬಿರಿಯಿತು.

"ಅವ್ವಾ!" ಅಂತ ತೆಳ್ಳ ಕೂಗಿದ. "ಅವ್ವಾ, ನಾನೇ ಕಣವ್ವ! ಹೂವು ಆಯ್ತು ಕಣವ್ವ!"

ಆದರೆ ಗಾಳಿಮಾವ ಅವತ್ತು ಇತ್ತಲಿಂದ ಬೀಸುತ್ತಿರಲಿಲ್ಲ, ಅತ್ತಲಿಂದ ಬೀಸುತ್ತಿದ್ದ. ತೆಳ್ಳನ ದನಿಯನ್ನು ಹಿಡಿದು ಹಿಂದಕ್ಕೇ ತಂದು ಹಾಕಿದ. ಅವ್ವ ಸಣ್ಣದಾದಳು. ಇನ್ನೂ ಸಣ್ಣದಾದಳು. ಆಮೇಲೆ ಇಲ್ಲವಾದಳು. ಅವಳಿಗೆ ಕೇಳಿಸಿದ್ದರೆ ತಿರುಗದೆ ಇರುತ್ತಿದ್ದಳಾ? ಅವಳು ಅಂಥವಳಲ್ಲ.

"ಮಾವ, ತಿರುಗಿ ಬೀಸು! ಒಂದೇ ಒಂದು ಸಲ ತಿರುಗು!" ಅಂತ ತೆಳ್ಳ ಬೇಡಿಕೊಂಡ.

ಗಾಳಿಮಾವ ಆ ದಿನ ಮೊದಲ ಸಲ ನಗಲಿಲ್ಲ. "ತಿರುಗೋಕೆ ಬರಲ್ಲ ಕಣೋ ಅಳಿಯಾ. ಬಂದಿದ್ರೆ ನಿನ್ನನ್ನ ಅವತ್ತೇ ಅಂಗಳದಲ್ಲಿ ಇಳಿಸಿ ಬರ್ತಿದ್ದೆ" ಅಂದ.

ತೆಳ್ಳ ಹೂವನ್ನು ಎತ್ತಿ ಹಿಡಿದ. ಇನ್ನೂ ಎತ್ತರ ಹಿಡಿದ. ದಾರಿ ಕಾಣಲಿ ಅಂತ ಕಡ್ಡಿಯಂಥ ಕತ್ತನ್ನು ಉದ್ದ ಮಾಡಿದ, ಇನ್ನೂ ಉದ್ದ ಮಾಡಿದ. ಅತ್ತೆಯ ಕುಂಡದಲ್ಲಿ ನೋಡಿದ್ದೀಯಲ್ಲ, ಗಿಡ ಇಷ್ಟೇ ಇಷ್ಟು, ಅದರ ಹೂವಿನ ಕಡ್ಡಿ ಮಾತ್ರ ಮೊಳದುದ್ದ. ಅದು ಅವನು ದಾರಿ ನೋಡಿದ್ದು.

ಅವನ ಎಲೆಗಳೂ ಸುಮ್ಮನಿರಲಿಲ್ಲ. "ನಾವು ಹೋಗಿ ಹುಡುಕ್ತೀವಿ" ಅಂತ ಒಂದೊಂದೇ ಕಳಚಿಕೊಂಡು ಹೊರಟವು. ಎಲೆಗೊಂದು ಬುತ್ತಿ ಇತ್ತಲ್ಲ, ಬಿದ್ದಲ್ಲೇ ಬೇರು ಬಿಟ್ಟು ಬದುಕಿಕೊಂಡವು. ದೂರ ಮಾತ್ರ ಹೋಗಲಾಗಲಿಲ್ಲ.

ಹೂವು ಬಾಡಿ ಬೀಜವಾಯಿತು. ಆ ಬೀಜಗಳು ಊರು ಬಿಡುವ ಹೊತ್ತು ಬಂದಾಗ ತೆಳ್ಳ ಅವುಗಳಿಗೆ ಬುತ್ತಿ ಕಟ್ಟಬೇಕು ಅಂದುಕೊಂಡ. ಆಸೆ ಬಹಳ ಇತ್ತು. ಆದರೆ ಎಷ್ಟು ಹುರಿಯಬೇಕು, ಎಷ್ಟು ಕುಟ್ಟಬೇಕು, ಗಂಟು ಹೇಗೆ ಹಾಕಬೇಕು? ಅವನು ನಿಂತು ನೋಡಿದ್ದರೆ ತಾನೇ ಗೊತ್ತಿರುವುದು. ಎಲೆಯೊಳಗೆ ನೀರು ಕಟ್ಟಿಕೊಳ್ಳುವುದು ಬಂತು, ಬೀಜದ ಹೊಟ್ಟೆಗೆ ಬುತ್ತಿ ಕಟ್ಟುವುದು ಬರಲೇ ಇಲ್ಲ. ಬರಿಹೊಟ್ಟೆಯ ಮಕ್ಕಳು ಧೂಳಿನ ಹಾಗೆ ಗಾಳಿಮಾವನ ಹೆಗಲೇರಿದವು.

ಅವನು ಅವುಗಳಿಗೆ ಕೊಟ್ಟದ್ದು ಒಂದು ಮಾತು ಮಾತ್ರ.

"ಮಣ್ಣು ಹೊದ್ದು ಮಲಗಬ್ಯಾಡ್ರೋ. ಮೇಲೇ ಇರಿ, ಮುಖ ಬಿಟ್ಕಂಡಿರಿ. ನಿಮ್ಮಜ್ಜಿ ಆ ಕಡೆ ಬಂದರೂ ಬರಬಹುದು. ಅವಳಿಗೆ ನೀವು ಕಾಣಬೇಕು. ಕೇಳಿದ ಕೂಡಲೇ ಹೇಳ್ಬಿಡ್ರಿ."

ನಿನ್ನ ಕಣ್ಣಲ್ಲಿ ನೀರು ಯಾಕೆ ಮೈನಾ? ಬಾ ಇಲ್ಲಿ.

"ಅಜ್ಜಾ, ಆಮೇಲೆ ಅವಳು ಸಿಕ್ಕಿದ್ಲಾ?"

ಇಲ್ಲ ತಾಯಿ. ಸಿಕ್ಕಿದ್ದರೆ ಈ ಬೀಜಗಳಿಗೂ ಅವರೆಕಾಳಿನ ಹಾಗೆ ಹೊಟ್ಟೆ ಇರುತ್ತಿತ್ತು. ಅವಳು ಇನ್ನೂ ನಡೆಯುತ್ತಲೇ ಇದ್ದಾಳೆ ಅನ್ನುತ್ತಾರೆ. ಗಂಟು ಬಿಚ್ಚಿಲ್ಲವಂತೆ.

ಆ ಹಿಡಿ ಮಣ್ಣನ್ನು ಈಗ ಕೆಳಗಿಡು. ಹಾಂ, ಅಷ್ಟೇ. ಮಣ್ಣು ಬೇಡ, ನೀರನ್ನೂ ಮೇಲಿಂದ ಸುರಿಯಬೇಡ. ಡಬ್ಬಿಯ ತಳಕ್ಕೆ ತೂತು ಮಾಡಿದ್ದೀವಲ್ಲ, ತಟ್ಟೆಯಲ್ಲಿ ವಸಿ ನೀರು ಹಾಕಿ ಡಬ್ಬಿಯನ್ನು ಅದರಲ್ಲಿಡು, ಬೇಕಾದಷ್ಟನ್ನು ಅದೇ ಕುಡಿದುಕೊಳ್ಳುತ್ತದೆ. ಮುಂದೆ ದೊಡ್ಡದಾದಾಗಲೂ ಅಷ್ಟೇ, ಪ್ರೀತಿ ಅಂತ ಚೊಂಬುಗಟ್ಟಲೆ ಸುರಿದರೆ ಅದು ಕೊಳೆತುಹೋಗುತ್ತದೆ. ಅವ್ವ ಹಾಕಿದ ಆ ಒಂದು ಬೊಗಸೆಯೇ ಅದಕ್ಕೆ ಸಾಕು. ಅದಕ್ಕಿಂತ ಹೆಚ್ಚು ನೀರು ಕಂಡರೆ ತೆಳ್ಳನ ವಂಶಕ್ಕೆ ತಡೆಯುವುದಿಲ್ಲ, ಒಳಗೊಳಗೇ ಅತ್ತು ಕರಗುತ್ತದೆ.

ಈಗ ಈ ಗಾಜಿನ ತುಂಡನ್ನು ಡಬ್ಬಿಯ ಬಾಯಿಗೆ ಮುಚ್ಚು. ನಿಧಾನ, ಕೈ ಅಲುಗಬಾರದು. ನಾಳೆ ಬೆಳಿಗ್ಗೆ ಎದ್ದು ನೋಡು, ಗಾಜಿನ ಒಳಮೈಯಲ್ಲಿ ಸಣ್ಣ ಸಣ್ಣ ಹನಿ ಕೂತಿರುತ್ತವೆ. ಒರೆಸಬೇಡ. ಬೀಜಗಳು ಅದನ್ನು ಸೆರಗು ಅಂದುಕೊಳ್ಳುತ್ತವೆ. ಅಂದುಕೊಳ್ಳಲಿ.

ಮೆಂತ್ಯದ ಹಾಗೆ ಇವು ಬೇಗ ಏಳುವುದಿಲ್ಲ. ನಿನಗೆ ಬೇಸರವಾಗುತ್ತದೆ. ಸತ್ತುಹೋಗಿವೆ ಅಂತ ಡಬ್ಬಿ ಎಸೆಯುವುದಕ್ಕೂ ಹೋಗುತ್ತೀಯ. ಎಸೆಯಬೇಡ. ಒಂದು ದಿನ ಗಸಗಸೆಗಿಂತ ಸಣ್ಣದಾಗಿ, ಹಸಿರಾಗಿ ಏನೋ ಕಂಡಂತಾಗುತ್ತದೆ. ಆಗ ಬಗ್ಗಿ, ಉಸಿರು ಬಿಗಿಹಿಡಿದು, ಮೆಲ್ಲಗೆ "ಉಂಡ್ಯಾ?" ಅಂತ ಕೇಳು.

ಬೇರೆಲ್ಲ ಬೀಜಗಳು ಬುತ್ತಿ ಕಟ್ಟಿಕೊಂಡು ಮಣ್ಣು ಹೊದ್ದು ನಿದ್ದೆ ಮಾಡುವಾಗ, ದಪ್ಪೆಲೆ ಗಿಡದ ಬೀಜ ಮಾತ್ರ ಇವತ್ತಿಗೂ ಬರಿಹೊಟ್ಟೆಯಲ್ಲಿ, ಮಣ್ಣಿನ ಮೇಲೆ, ಮುಖ ಬಿಟ್ಟುಕೊಂಡು ಮಲಗಿರುವುದು ಯಾರಾದರೂ ಹಾಗೆ ಕೇಳಿಕೊಂಡು ಬರುತ್ತಾರೇನೋ ಅಂತ.